ಬೇವಿನ ಮರ, ಎರಡನೇ ಡಿಶ್ ಮತ್ತು ನಮ್ಮ ನಾದಿನಿ

ನಮ್ಮ ನಾದಿನಿ ಮೌನೇಶ್ವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಅವಳೊಂದಿಗೆ ಒಂದೇ ಮನೆಯಲ್ಲಿ ಹನ್ನೊಂದು ವರ್ಷ ಏಗಿದವಳು ನಾನು, ಈ ಮನೆಯ ಸೊಸೆ ರಾಜಶ್ರೀ. ಕೇಳುವುದಿದ್ದರೆ ನನ್ನನ್ನು ಕೇಳಬೇಕು. ನಾನು ಮದುವೆಯಾಗಿ ಬಳಗಾನೂರಿಗೆ ಬಂದ ಮೊದಲ ವಾರ, ಹೊಸ ಸೊಸೆಯ ಕೈಯಡುಗೆ ಎಂದು ನೆಂಟರೆಲ್ಲ ಸಾರನ್ನು ಸುರಿದುಕೊಂಡು ಹೊಗಳುತ್ತಿದ್ದರು. ಆಗ ಹದಿನಾರರ ಈ ಹುಡುಗಿ ತಾಟಿನಿಂದ ತಲೆ ಎತ್ತಿ, "ವೈನಿ, ಉಪ್ಪು ಎರಡು ಸಲ ಹಾಕೀರಿ," ಎಂದಳು. ಹಾಕಿದ್ದೆ. ಅದಕ್ಕೇ ಸಿಟ್ಟು ಬಂದದ್ದು. ಸುಳ್ಳಾಗಿದ್ದರೆ ನಕ್ಕು ಬಿಡುತ್ತಿದ್ದೆ.

ಈಗ ಮೌನಿಗೆ ಇಪ್ಪತ್ತೇಳು. ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡಿದ್ದಾಳೆ. ಕೈಯಲ್ಲಿ ಗುಣ ಇದೆ, ಬಾಯಲ್ಲಿಲ್ಲ. "ಈ ಬಣ್ಣ ನಿಮಗ ಒಪ್ಪೂದಿಲ್ರಿ" ಎಂದು ಗಿರಾಕಿಯ ಮುಖಕ್ಕೆ ಹೇಳಿ ಬಟ್ಟೆ ವಾಪಸು ಕಳಿಸುವವಳನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನೋಡಲು ಬಂದ ವರಗಳದ್ದೂ ಅದೇ ಗತಿ. ಸಿಂಧನೂರಿನವರು ಉಪ್ಪಿಟ್ಟು ತಿಂದು "ಹುಡುಗಿ ಮಾಡ್ಯಾಳೇನ್ರಿ?" ಎಂದರೆ, ನಾನು ಹೂಂ ಅನ್ನುವಷ್ಟರಲ್ಲಿ ಇವಳು "ಇಲ್ರಿ, ನಮ್ಮ ವೈನಿ ಮಾಡ್ಯಾರ. ನಾ ಎದ್ದದ್ದೇ ಎಂಟಕ್ಕ," ಎಂದಳು. ಮಸ್ಕಿಯ ಹುಡುಗನಿಗೆ, "ಫೋಟೋದಾಗ ನಿಮಗ ಭಾಳ ಕೂದಲ ಇದ್ವಲ್ರಿ," ಎಂದಳು. ಹೀಗೆ ನಾಲ್ಕು ಸಂಬಂಧ ಬಂದವು, ಹೋದವು. ಐದನೆಯವರು ಲಿಂಗಸುಗೂರಿನವರು, ಆ ಭಾನುವಾರ ಬರುವವರಿದ್ದರು.

"ಈ ಸಲ ಬಾಯಿ ಬಿಟ್ಟಿ ಅಂದ್ರ ನಾ ತವರಮನಿಗೆ ಹೋಗ್ತೀನಿ ನೋಡು," ಎಂದು ನಾನು ಹೆದರಿಸಿದೆ.

"ಹೋಗೂದಿಲ್ಲ ಬಿಡ್ರಿ ವೈನಿ. ಅಲ್ಲಿ ನಿಮ್ಮ ತಮ್ಮನ ಹೆಂಡ್ತಿ ಕೂಡ ನಿಮಗ ಆಗಿಬರೂದಿಲ್ಲ."

ಅದೂ ನಿಜವೇ. ಏನು ಮಾಡೋಣ.

ಇಂಥ ಹೊತ್ತಿನಲ್ಲಿ ನಮ್ಮ ಮಾವ ಅಮರಗುಂಡಪ್ಪನವರಿಗೆ ಗೊಬ್ಬರದ ಅಂಗಡಿಯ ಸ್ಕೀಮಿನಲ್ಲಿ ಒಂದು ಡಿಶ್ ಬಂತು. ಮನೆಯಲ್ಲಿ ಆಗಲೇ ಒಂದಿತ್ತು, ಪಡಸಾಲೆಯ ಟಿವಿಗೆ. ಸಂಜೆ ಏಳಾಯಿತೆಂದರೆ ಮಾವನಿಗೆ ಸುದ್ದಿ ಬೇಕು, ಅವರ ತಾಯಿ ಪಕೀರಮ್ಮಜ್ಜಿಗೆ ಧಾರಾವಾಹಿ ಬೇಕು. ಅರವತ್ತು ದಾಟಿದ ಮಗ, ಎಂಬತ್ತು ದಾಟಿದ ತಾಯಿ ರಿಮೋಟಿಗಾಗಿ ದಿನಾ ತಕರಾರು. ಹಿಂದಿನ ಕೋಣೆಗೆ ಒಂದು ಹಳೆಯ ಟಿವಿ ತಂದಿಟ್ಟದ್ದೂ ಆಗಿತ್ತು. ಲಿಂಗಸುಗೂರಿನವರು ಬರುವುದರೊಳಗೆ ಇದೂ ಮಾಳಿಗೆ ಹತ್ತಬೇಕು, ಎರಡು ಡಿಶ್ ಇರುವ ಮನೆಯ ತೂಕವೇ ಬೇರೆ ಎಂದು ಮಾವ ಹಟ ಹಿಡಿದರು. ಶನಿವಾರ ಬೆಳಿಗ್ಗೆಯೇ ಬಾಲಪ್ಪನಿಗೆ ಫೋನ್ ಹೋಯಿತು.

ಸಿಂಧನೂರು ಬಸ್‌ಸ್ಟ್ಯಾಂಡಿನ ಹಿಂದೆ ಬಾಲಪ್ಪನದೊಂದು ಸಣ್ಣ ಅಂಗಡಿ. ಸುತ್ತಲಿನ ಹತ್ತು ಹಳ್ಳಿಗೆ ಡಿಶ್ ಕೂಡಿಸುವವನು ಅವನೇ. ಮೂವತ್ತರ ಆಳು, ತೆಳ್ಳಗೆ, ಮಾತು ಕಡಿಮೆ. ಎರಡು ವರ್ಷದ ಹಿಂದೆ ಮೊದಲ ಡಿಶ್ ಕೂಡಿಸುವಾಗ ಮೌನಿ ಅಂಗಳದಲ್ಲಿ ನಿಂತು, "ಕಂಬ ವಾಲೈತ್ರಿ," ಎಂದಿದ್ದಳು. ಬೇರೆ ಗಂಡಸಾಗಿದ್ದರೆ, ನನ್ನ ಕೆಲಸ ನನಗೆ ಹೇಳಿಕೊಡಲು ಬರುತ್ತೀಯಾ ಎಂದು ಜಬರಿಸುತ್ತಿದ್ದ. ಇವನು ಮಾಳಿಗೆಯಿಂದ ಇಳಿದು ಬಂದು, ಅವಳು ನಿಂತಲ್ಲೇ ನಿಂತು ನೋಡಿ, "ಖರೇ ಐತ್ರಿ," ಎಂದು ಮತ್ತೆ ಹತ್ತಿ ಎಲ್ಲ ಬಿಚ್ಚಿ ನೆಟ್ಟಗೆ ಕೂಡಿಸಿದ. ಆಮೇಲೆ ನಾವು ಕರೆಯದಿದ್ದರೂ ಮೂರು ಸಲ, ಸಿಗ್ನಲ್ ಹೇಗಿದೆ ನೋಡಿ ಹೋಗಲು ಬಂದೆ ಎಂದು ಬಂದು ಹೋಗಿದ್ದ. ಮೂರು ಸಲವೂ ಚಹಾ ಕೊಟ್ಟವಳು ನಾನೇ. ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಈ ಮನೆಯಲ್ಲಿ ಜಾಣೆ ಎಂದರೆ ನಾನೊಬ್ಬಳೇ ಎಂದು ಬೇರೆ ತಿಳಿದುಕೊಂಡಿದ್ದೆ.

ಡಿಶ್ಶಿನ ಮುಖ ಆಗ್ನೇಯದ ಆಕಾಶಕ್ಕಿರಬೇಕು. ನಮ್ಮ ಹಿತ್ತಲಿನ ಆಗ್ನೇಯದಲ್ಲಿ ಬೇವಿನ ಮರ ನಿಂತಿದೆ, ಪಕೀರಮ್ಮಜ್ಜಿಯ ಗಂಡ ನೆಟ್ಟದ್ದು. ಮಾಳಿಗೆಗಿಂತ ಎರಡಾಳು ಎತ್ತರ. ಮೊದಲ ಡಿಶ್ ಮನೆಯ ಮುಂಭಾಗದಲ್ಲಿದ್ದುದರಿಂದ ತಪ್ಪಿಸಿಕೊಂಡಿತ್ತು; ಹಿಂದಿನ ಕೋಣೆಯ ಕಡೆ ಒಂದು ಕೊಂಬೆ ತಪ್ಪಿಸಿದರೆ ಇನ್ನೊಂದು ಅಡ್ಡ. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಇನ್ನೊಬ್ಬರು ಒಳಗೆ ಟಿವಿಯ ಪರದೆಯಲ್ಲಿ ಸಿಗ್ನಲ್ ಪಟ್ಟಿ ಏರಿತೋ ಇಲ್ಲವೋ ನೋಡಿ ಕೂಗಿ ಹೇಳಬೇಕು. ನನ್ನ ಗಂಡ ಟ್ರ್ಯಾಕ್ಟರ್ ತೆಗೆದುಕೊಂಡು ದಢೇಸುಗೂರಿಗೆ ಹೋಗಿದ್ದ. "ನಾ ನೋಡ್ತೀನಿ," ಎಂದು ಮೌನಿ ಟಿವಿಯ ಮುಂದೆ ಕೂತಳು. ಮಾವನಿಗೆ ಭಾರಿ ಸಮಾಧಾನವಾಯಿತು.

"ಮೌನವ್ವ ಕುಂತ್ರ ಬರೋಬ್ಬರಿ. ಇಲ್ಲದ್ದು ಐತಿ ಅನ್ನೂದಿಲ್ಲ, ಇದ್ದದ್ದು ಇಲ್ಲ ಅನ್ನೂದಿಲ್ಲ," ಎಂದರು.

ಶುರುವಾಯಿತು. ಮೇಲಿನಿಂದ "ಬಂತೇನ್ರಿ?" ಒಳಗಿನಿಂದ "ಇಲ್ರಿ." ಮೊದಲು ಅಡುಗೆಮನೆಯ ಮೇಲೆ ಕಂಬ ಹಿಡಿದು ನೋಡಿದ. ಇಲ್ಲ. ಆಮೇಲೆ ನೀರಿನ ಟಾಕಿಯ ಪಕ್ಕಕ್ಕೆ ಹೋದ; ಅಲ್ಲಿಂದ ಎರಡು ಕೊಂಬೆಗಳ ನಡುವೆ ಒಂದು ಕಿಟಕಿಯಷ್ಟು ಆಕಾಶ ಕಾಣುತ್ತಿತ್ತು. ಹನ್ನೊಂದರ ಸುಮಾರಿಗೆ ಮೇಲೆ ಏನೋ ಕೀ ಎಂದು ಕೂಗಿತು. ಯಾರದೋ ಮೊಬೈಲ್ ಎಂದು ನಾನು ಹಿಟ್ಟು ನಾದುತ್ತಾ ಕೂತೆ.

"ಈಗ ಬಂತೇನ್ರಿ?"

ಒಳಗೆ ಮೌನಿ ಟಿವಿಯ ಮುಂದಿನಿಂದ ಎದ್ದ ಸದ್ದಾಯಿತು. ಆಮೇಲೆ, "ಇಲ್ರಿ. ಬಂದಿಲ್ಲ."

ಅವನು ಪಾಪ, ಕೈಯಲ್ಲಿದ್ದ ಸಿಗ್ನಲ್ ಅಳೆಯುವ ಮೀಟರನ್ನು ಬಡಿದು ನೋಡಿ, ಅದರ ಬ್ಯಾಟರಿ ತೆಗೆದು ಅಂಗಿಗೆ ಒರೆಸಿ ಹಾಕಿ, ದನದ ಕೊಟ್ಟಿಗೆಯ ಮೇಲಕ್ಕೆ ಹೋದ. ಅಲ್ಲೂ ಇಲ್ಲ. ಅರ್ಧ ತಾಸಿನ ಕೆಲಸಕ್ಕೆ ಅರ್ಧ ದಿನ ಹೋಯಿತು. ನಾನು ಐದು ಸಲ ಚಹಾ ಮಾಡಿದೆ. ಸಕ್ಕರೆ ಡಬ್ಬಿಯ ತಳ ಕಂಡಿತು, ನನ್ನ ತಾಳ್ಮೆಯ ತಳವೂ ಕಂಡಿತು.

ಊಟಕ್ಕೆ ಕರೆದಾಗ ಮೌನಿ ತಾನೇ ರೊಟ್ಟಿ ಬಡಿಯುತ್ತೇನೆಂದು ಒಲೆಯ ಮುಂದೆ ಕೂತಳು. ಎಂದೂ ಇಲ್ಲದ್ದು. ಬಡಿಸುತ್ತಾ, "ದಪ್ಪ ಆಗ್ಯಾವ್ರಿ. ನಾ ಮಾಡೀನಿ," ಎಂದಳು. "ದಪ್ಪ ಇದ್ರ ಹೊಟ್ಟಿ ಜಲ್ದಿ ತುಂಬ್ತೈತ್ರಿ," ಎಂದು ಬಾಲಪ್ಪ ಮೂರು ತಿಂದು, ಮತ್ತೆ ಟಾಕಿಯ ಪಕ್ಕಕ್ಕೇ ಹತ್ತಿದ. ಆಗಲೂ ನನಗೆ ಏನೂ ಹೊಳೆಯಲಿಲ್ಲ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

ನಾಲ್ಕು ಹೊಡೆಯಿತು, ಮಾವನ ಪಿತ್ತ ನೆತ್ತಿಗೇರಿತು. ಡಿಶ್ಶಿನ ತಪ್ಪಲ್ಲ, ಹೊಸದು. ಬಾಲಪ್ಪನ ತಪ್ಪಲ್ಲ, ಕೈ ಪಳಗಿದವನು. ಮೌನಿಯ ಮಾತು ಸುಳ್ಳಾಗುವ ಪ್ರಶ್ನೆಯೇ ಇಲ್ಲ. ಉಳಿದದ್ದು ಯಾರು? ಬಾಯಿಲ್ಲದ ಬೇವಿನ ಮರ. ಮಾವ ಹೋಗಿ ಮರ ಕೊಯ್ಯುವ ಮಕ್ತುಮ್‌ಸಾಬನನ್ನು ಮಷೀನಿನ ಸಮೇತ ಕರೆದುಕೊಂಡು ಬಂದರು.

"ಕೊಂಬಿ ಸವರಿದ್ರ ಸಾಲ್ದೇನ್ರಿ ಸಾಹೇಬ್ರ? ಇಂಥ ಮರ ಮತ್ತ ಹುಟ್ಟಂಗಿಲ್ಲ," ಎಂದ ಮಕ್ತುಮ್‌ಸಾಬ್, ತಲೆ ಎತ್ತಿ ನೋಡಿ.

"ಈಗ ಸವರಿದ್ರ ಯುಗಾದಿಗೆ ಮತ್ತ ಚಿಗೀತೈತಿ. ಬುಡಕ್ಕ ಹಚ್ಚು."

ಬುಡದಲ್ಲಿ ಪಕೀರಮ್ಮಜ್ಜಿ ಹೊರಸಿನ ಮೇಲೆ ಮಲಗಿದ್ದಳು. ಎದ್ದು ಕೂಡಲೂ ಇಲ್ಲ. "ನನ್ನ ಧಾರಾವಾಹಿ ಸುಡಗಾಡಿಗೆ ಹೋಗಲಿ. ನಿಮ್ಮಪ್ಪ ಹಚ್ಚಿದ ಗಿಡ ಇದು. ಕೊಯ್ಯೂದಿದ್ರ ನನ್ನ ಹೊರಸಿನ ಸಮೇತ ಕೊಯ್ಯಿ," ಎಂದಳು.

"ಯವ್ವಾ, ಮಗಳ ಮದಿವಿ ಮುಖ್ಯೋ, ಗಿಡ ಮುಖ್ಯೋ?" ಎಂದರು ಮಾವ. ಅವರ ದನಿ ಒಡೆದಿತ್ತು. ಅದೇ ಮರಕ್ಕೆ ಜೋಕಾಲಿ ಕಟ್ಟಿ ಆಡಿ ಬೆಳೆದವರು ಅವರು. ಆದರೆ ನಾಲ್ಕು ಸಂಬಂಧ ತಪ್ಪಿದ ತಂದೆಯ ಕಣ್ಣಿಗೆ ಬೇರೇನೂ ಕಾಣುತ್ತಿರಲಿಲ್ಲ.

ಮೇಲಿನಿಂದ ಬಾಲಪ್ಪ, "ಯಜಮಾನ್ರ, ಗಿಡ ಬ್ಯಾಡ್ರಿ, ಇನ್ನೊಂದು ಜಾಗ ನೋಡೋಣು," ಎಂದು ಕೂಗಿದ. ಯಾರೂ ಕೇಳಲಿಲ್ಲ. ಮಾವ ತಾಯಿಯನ್ನು ಹೊರಸಿನ ಸಮೇತ ಈಚೆಗೆ ಎಳೆದರು. ಮಕ್ತುಮ್‌ಸಾಬ್ ಹಗ್ಗ ಎಸೆದು ಕಟ್ಟಿ, ಮಷೀನಿನ ದಾರ ಜಗ್ಗಿದ. ಅದು ಬೊಬ್ಬೆ ಹೊಡೆಯಿತು.

ಮೌನಿ ಒಳಗಿನಿಂದ ಓಡಿ ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತಳು.

"ಬಂದ್ ಮಾಡ್ರಿ ಕಾಕಾ. ಅಪ್ಪಾ, ಗಿಡದ ತಪ್ಪಿಲ್ಲ. ಟಿವಿ ಬಂದೈತಿ."

"ಈಗ ಬಂತೇನು?"

"ಮುಂಜಾನಿ ಹನ್ನೊಂದಕ್ಕ ಬಂದೈತಿ. ನಾ ಇಲ್ಲ ಅಂದೀನಿ."

ಮಷೀನು ನಿಂತಿತು. ಸೂರ್ಯ ಪಡುವಣದಲ್ಲಿ ಹುಟ್ಟಿದ ಎಂದಿದ್ದರೂ ಮಾವ ಅಷ್ಟು ಬೆರಗಾಗುತ್ತಿರಲಿಲ್ಲ.

"ನೀ? ನೀ ಸುಳ್ಳು ಹೇಳಿದ್ಯಾ? ಯಾಕ?"

ಅವಳು ನೆಲ ನೋಡಲಿಲ್ಲ, ಸೆರಗು ಹಿಂಡಲಿಲ್ಲ. "ಬಂತು ಅಂದಿದ್ರ ಅವ್ರು ಸಾಮಾನು ಕಟ್ಟಿಕೊಂಡು ಹೋಗ್ತಿದ್ರು," ಎಂದಳು.

ಎಲ್ಲರ ಕತ್ತೂ ಮಾಳಿಗೆಯ ಕಡೆ ತಿರುಗಿತು. ಬಾಲಪ್ಪ ನಟ್ಟು ತಿರುಗಿಸುವ ಪಾನಾ ಹಿಡಿದು ಗರ ಬಡಿದವನಂತೆ ನಿಂತಿದ್ದ.

"ಲೇ ಬಾಲಪ್ಪ, ನಿನ್ನ ಕೈಯಾಗ ಮೀಟರ್ ಐತಲ್ಲೋ. ಅದೇನು ಕತ್ತೆ ಕಾಯಾಕ ಇಟ್ಕೊಂಡೀಯೇನು?"

"ಸಿಗ್ನಲ್ ಸಿಕ್ರ ಇದು ಕೂಗ್ತೈತ್ರಿ, ಹನ್ನೊಂದಕ್ಕ ಕೂಗಿತ್ರಿ ಯಜಮಾನ್ರ. ಅವ್ರು ಇಲ್ಲ ಅಂದ್ರು. ಅವ್ರು ಸುಳ್ಳು ಹೇಳೂದಿಲ್ಲ ಅಂತ ಊರಿಗೇ ಗೊತ್ತು, ಮೀಟರೇ ಕೆಟ್ಟೈತಿ ಅನ್ಕೊಂಡೆ. ಊಟ ಮಾಡಿ ಬಂದು ಹಚ್ಚಿದ್ರ ಮತ್ತ ಕೂಗಿತು. ಆಗ ತಿಳೀತ್ರಿ."

"ತಿಳದ ಮ್ಯಾಲೆ ಯಾಕ ಬಾಯಿ ಮುಚ್ಕೊಂಡಿ?"

"ಅವರನ್ನ ಸುಳ್ಳು ಮಾಡಾಕ ಮನಸ್ಸಾಗಲಿಲ್ರಿ."

ಪಕೀರಮ್ಮಜ್ಜಿ ಹೊರಸಿನ ಮೇಲೆ ಎದ್ದು ಕೂತು ಬೊಚ್ಚುಬಾಯಲ್ಲಿ ನಗಲು ಹತ್ತಿದಳು. "ಸಾವಿರ ಸುಳ್ಳು ಹೇಳಿ ಒಂದು ಮದಿವಿ ಮಾಡು ಅಂತಾರ. ನನ್ನ ಮೊಮ್ಮಗಳು ಒಂದ್ರಾಗ ಮುಗಿಸ್ಯಾಳ ನೋಡಪ್ಪ."

ಮಾವ ಕಟ್ಟೆಯ ಮೇಲೆ ಕೂತರು. ಹಗ್ಗ ಸುತ್ತುತ್ತಿದ್ದ ಮಕ್ತುಮ್‌ಸಾಬನನ್ನು ನೋಡಿದರು, ಮರ ನೋಡಿದರು, ಮಗಳನ್ನು ನೋಡಿದರು. ಬಾಲಪ್ಪನ ಮನೆತನ ಅವರಿಗೆ ಗೊತ್ತಿಲ್ಲದ್ದಲ್ಲ. ಅವನ ತಂದೆಯ ಜೊತೆ ಕಾಲುವೆಯ ನೀರಿಗಾಗಿ ಜಗಳವಾಡಿ ರಾಜಿಯೂ ಆದವರು. ನಾನು ದೇವರ ಹೆಸರು ಹೇಳುತ್ತಾ ಬಾಗಿಲಲ್ಲಿ ನಿಂತಿದ್ದೆ. ನಾಳೆ ಬರುವವರಿಗೆ ನೆನೆಹಾಕಿದ ಕಡಲೆಬೇಳೆಯ ಚಿಂತೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

"ರಾಜಶ್ರೀ, ಲಿಂಗಸುಗೂರಿಗೆ ಫೋನ್ ಹಚ್ಚವಾ. ಬರಬ್ಯಾಡ್ರಿ ಅನ್ನು," ಎಂದರು ಕೊನೆಗೆ.

ನಾನು ಹಚ್ಚಿದೆ. ಆ ಕಡೆ ಹುಡುಗನ ತಾಯಿ. ನೆಪ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. "ಅಕ್ಕಾರ, ನಮ್ಮ ಅಜ್ಜಿಗೆ ಆರಾಮಿಲ್ರಿ, ಹಂಗಾಗಿ..." ಎಂದು ಶುರು ಮಾಡಿದ್ದೆ. ಮೌನಿ ಬಂದು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಅಜ್ಜಿ ಆರಾಮ ಅದಾಳ್ರಿ. ನಾ ಮೌನೇಶ್ವರಿ ಮಾತಾಡಾಕತ್ತೀನಿ. ನನ್ನ ಮನಸ್ಸಿಗೆ ಒಬ್ರು ಬಂದಾರ. ಡಿಶ್ ಕೂಡಸೋ ಬಾಲಪ್ಪ ಅಂತ. ಎರಡು ವರ್ಷ ಆತು. ಅವರನ್ನ ಮಾಡ್ಕೋತೀನ್ರಿ. ನೀವು ಸುಮ್ನ ಬಸ್ ಚಾರ್ಜ್ ಹಾಕ್ಕೊಂಡು ಬರಬ್ಯಾಡ್ರಿ."

ಮಾಳಿಗೆಯ ಮೇಲೆ ಪಾನಾ ಬಿದ್ದ ಸದ್ದಾಯಿತು. ನೋಡಿದರೆ ಬಾಲಪ್ಪ ಟಾಕಿಗೆ ಒರಗಿ ಕುಸಿದು ಕೂತಿದ್ದ. ಈ ಮಾತನ್ನು ಅವಳು ಅವನಿಗೆ ಅಲ್ಲಿಯವರೆಗೆ ಹೇಳಿಯೇ ಇರಲಿಲ್ಲ. ಅವನೂ ಲಿಂಗಸುಗೂರಿನವರ ಜೊತೆಗೇ ಕೇಳಿಸಿಕೊಂಡ.