ಗುಡ್ಡದ ದಾರಿಗೆ ಅಡ್ಡ ಕುಳಿತ ಆಯಿ

ಆಯಿಯ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಬೆರಳಿನಷ್ಟು ಉದ್ದವಿತ್ತು. ಮುಳ್ಳು ನೆಟ್ಟಲ್ಲಿ ಹಚ್ಚುವ ಎಕ್ಕೆಯ ಹಾಲು ಹತ್ತಿ ಹತ್ತಿ ಅದು ಕಪ್ಪಾಗಿ, ಎಮ್ಮೆ ಕೊಂಬಿನ ಚೂರಿನಂತೆ ಗಟ್ಟಿಯಾಗಿತ್ತು. ಆ ಉಗುರಿನ ತುದಿಯಿಂದ ಅಂಗಾಲನ್ನು ಒತ್ತುತ್ತ ಬಂದು ಒಂದು ಕಡೆ ನಿಲ್ಲಿಸಿ, "ಇಲ್ಲೇ ಅದಾನ ನೋಡು ಕಳ್ಳ" ಎಂದಳೆಂದರೆ ಮುಳ್ಳು ಅಲ್ಲೇ ಇರುತ್ತಿತ್ತು. ಆಮೇಲೆ ಸೂಜಿ. ಅತ್ತರೆ ತೊಡೆಗೆ ಒಂದು ಏಟು ಬೇರೆ.

ಅವಳು ನನ್ನ ಸ್ವಂತ ಅಜ್ಜಿಯಲ್ಲ, ಎದುರುಮನೆಯವಳು. ಮಸ್ಕಿಯ ಗುಡ್ಡದ ಬುಡದಲ್ಲಿದ್ದ ನಮ್ಮ ಓಣಿಗೆಲ್ಲ ಅವಳೇ ಆಯಿ. ನಿಜಾಮರ ಕಾಲದ ಆ ಊರಿನಲ್ಲಿ ಕಾಲಿಗೆ ಚಪ್ಪಲಿ ಇದ್ದವರನ್ನು ಬೆರಳ ಮೇಲೆ ಎಣಿಸಬಹುದಿತ್ತು. ಕಟ್ಟಿಗೆಗೆ ಹೋದವರು, ಆಡು ಮೇಯಿಸುವವರು, ಗುಡ್ಡ ಹತ್ತಿ ಇಳಿಯುವ ಹೆಂಗಸರು ಎಲ್ಲರೂ ಸಂಜೆಯಾದರೆ ಕುಂಟುತ್ತ ಅವಳ ಕಟ್ಟೆಗೆ ಬರುತ್ತಿದ್ದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಂತಲ್ಲ ಎಂದು ಯಾರೋ ಜಾಣರು ಕೇಳಿದ್ದಕ್ಕೆ, "ಹಂಗ ತಗಿಯಾಕ ಹೋದವ್ರು ನನ್ನ ಹಂತ್ಯಾಕ ಎರಡು ಮುಳ್ಳು ತಗೊಂಡು ಬರ್ತಾರ" ಎಂದಿದ್ದಳು.

ನಮಗೆ ಪಟ್ಟಣವೆಂದರೆ ರಾಯಚೂರು. ಅಲ್ಲಿ ರೈಲಿತ್ತು, ಹತ್ತಿಯ ಬೀಜ ಬಿಡಿಸುವ ಜಿನ್ನುಗಳಿದ್ದವು, ದೊಡ್ಡ ದವಾಖಾನೆಯಿತ್ತು. ಅಲ್ಲಿ ಹಳೆಯದಾದದ್ದು ನಮ್ಮಲ್ಲಿಗೆ ಹೊಸದಾಗಿ ಬರುತ್ತಿತ್ತು: ತಿಂಗಳ ಹಿಂದಿನ ಸುದ್ದಿ, ಅಲ್ಲಿಯವರು ಉಟ್ಟು ಬಿಟ್ಟ ಸೀರೆಯ ನಮೂನೆ, ಅಲ್ಲಿಗೆ ಬೇಡವಾದ ಜವಾನ. ಪಟ್ಟಣದವರು ನಮ್ಮನ್ನು ಗುಡ್ಡದ ಮಂಗ್ಯಾಗಳೆಂದು ನಗುತ್ತಿದ್ದರು. ಆದರೂ ಮಗಳನ್ನು ಅಲ್ಲಿಗೆ ಕೊಟ್ಟ ಅಪ್ಪನ ಮೀಸೆ ಮೇಲೇರುತ್ತಿತ್ತು. ನಮ್ಮ ಅಪ್ಪ ನನ್ನ ಅಕ್ಕನನ್ನು ಜಿನ್ನಿನಲ್ಲಿ ಕೆಲಸಕ್ಕಿದ್ದವನಿಗೆ ಕೊಟ್ಟ. ಮದುವೆಯ ಹಂದರದಲ್ಲೇ ಆಯಿ, "ಪಟ್ಟಣದಾಗಿಂದ ಒಳ್ಳೇದೊಂದು ಬಂದದ್ದು ನಾ ಕಂಡಿಲ್ಲ" ಎಂದಳು. ಹಿಂದೊಮ್ಮೆ ಪ್ಲೇಗು ಬಂದಾಗ ರಾಯಚೂರಿನಿಂದ ಓಡಿಬಂದ ತನ್ನ ತಮ್ಮನನ್ನು ಅವಳೇ ಒಳಗೆ ಕರೆದು ಉಣ್ಣಿಸಿದ್ದಳಂತೆ. ಮೂರು ದಿನಕ್ಕೆ ತಮ್ಮ ಸತ್ತ. ವಾರದೊಳಗೆ ಅವಳ ಗಂಡನೂ ಇಬ್ಬರು ಗಂಡುಮಕ್ಕಳೂ ಹೋದರು.

ನನಗೆ ಹತ್ತು ವರ್ಷವಿದ್ದಾಗ, ಚಳಿಗಾಲದಲ್ಲಿ, ಊರೊಳಗೆ ಇಲಿ ಬಿದ್ದವು. ಇಲಿ ಸತ್ತು ಬಿತ್ತೆಂದರೆ ಪ್ಲೇಗು, ಪ್ಲೇಗು ಬಂತೆಂದರೆ ಊರು ಬಿಡಬೇಕು. ಸರಕಾರದ ಹುಕುಮನ್ನು ಉರ್ದುವಿನಲ್ಲಿ ಬರೆದು ಚಾವಡಿಯ ಗೋಡೆಗೆ ಹಚ್ಚುವಷ್ಟರಲ್ಲಿ ನಮ್ಮ ಓಣಿಯ ಹನ್ನೊಂದು ಮನೆಯವರು ಹಿಟ್ಟು, ಹಾಸಿಗೆ, ಕೋಳಿ ಕಟ್ಟಿಕೊಂಡು ಗುಡ್ಡ ಹತ್ತಿದ್ದೆವು. ಮೇಲೆ ಬಂಡೆಗಳ ನಡುವೆ ಮಳೆನೀರು ನಿಲ್ಲುವ ದೊಣೆಯಿತ್ತು. ಅದರ ಸುತ್ತ ಗುಡಿಸಲು ಹಾಕಿಕೊಂಡೆವು. ಹತ್ತಿಬರಲು ಇದ್ದದ್ದು ಒಂದೇ ದಾರಿ. ಆ ದಾರಿಯ ಬಾಯಲ್ಲಿ ಆಯಿ ಬಡಿಗೆ ಹಿಡಿದು ಕುಳಿತಳು. ಅವಳನ್ನು ಯಾರೂ ಕೂರಿಸಲಿಲ್ಲ, ಎಬ್ಬಿಸುವ ಧೈರ್ಯವೂ ಯಾರಿಗೂ ಇರಲಿಲ್ಲ. ಕೆಳಗಿನಿಂದ ಯಾರು ಬಂದರೂ ದೂರದಲ್ಲೇ ನಿಂತು ಕಂಕುಳನ್ನೂ ತೊಡೆಸಂದನ್ನೂ ತೋರಿಸಬೇಕು. ಪ್ಲೇಗಿನ ಗಂಟು ಏಳುವುದು ಅಲ್ಲೇ.

ಎಂಟನೆಯ ದಿನ ಮಧ್ಯಾಹ್ನ ಅಕ್ಕ ಬಂದಳು. ರಾಯಚೂರಿನಲ್ಲೂ ರೋಗ ಹಬ್ಬಿ ಭಾವ ಅವಳನ್ನು ತವರಿಗೆ ಕಳಿಸಿದ್ದ. ಮೋಟಾರು ಲಿಂಗಸುಗೂರಿಗೇ ನಿಂತುಹೋಗಿತ್ತು. ಪಟ್ಟಣದಿಂದ ಬಂದವಳೆಂದು ಗಾಡಿಯವರು ಹತ್ತಿಸಿಕೊಂಡಿರಲಿಲ್ಲ. ಬಗಲಲ್ಲಿ ಐದು ತಿಂಗಳ ಗಂಡುಕೂಸನ್ನಿಟ್ಟುಕೊಂಡು ಎರಡು ದಿನ ನಡೆದು ಬಂದಿದ್ದಳು. ಆಯಿ ಅವಳನ್ನು ಹತ್ತು ಮಾರು ದೂರದಲ್ಲಿ ನಿಲ್ಲಿಸಿ ಸೀರೆ ಎತ್ತಿಸಿದಳು. ತೊಡೆಸಂದಿನಲ್ಲಿ ನಿಂಬೆಕಾಯಿಯಷ್ಟು ಗಂಟಿತ್ತು. ಮೈ ಕಾಯುತ್ತಿದೆ ಎಂದು ಅಕ್ಕ ತಾನೇ ಹೇಳಿದಳು.

"ತಿರುಗು. ಹಿಂದಕ್ಕ ಹೋಗು" ಎಂದಳು ಆಯಿ.

"ಆಯಿ, ಕೂಸಿನ್ನರ ತಗೋ. ನಿನ್ನ ಕಾಲಿಗೆ ಬೀಳ್ತೀನಿ."

"ಅದು ನಿನ್ನ ಮೊಲಿ ಕುಡದದ್ದು. ನಿನ್ನ ಕೂಡೇ ಇರಲಿ."

ಅವ್ವ ಗುಡಿಸಲಿನಿಂದ ಓಡಿಬಂದಳು. ಆಯಿ ತಿರುಗಿ ಅವ್ವನ ಮೊಣಕಾಲಿಗೆ ಬಡಿಗೆ ಬೀಸಿದಳು. "ಹೋಗ್ತೀಯಾ? ಹೋಗು. ಹೋದಾಕಿ ಮ್ಯಾಲ ಬರಬ್ಯಾಡ. ಉಳದ ಮೂರು ಮಕ್ಕಳ್ನ ನಾ ನೋಡ್ಕೊಂತೀನಿ." ಅವ್ವ ಹೋಗಲಿಲ್ಲ. ಅಪ್ಪ ಬಂಡೆಯ ಕಡೆ ಮುಖ ಮಾಡಿ ನಿಂತಿದ್ದ. ಹನ್ನೊಂದು ಮನೆಯವರೂ ತಮ್ಮ ತಮ್ಮ ಗುಡಿಸಲ ಬಾಗಿಲಲ್ಲೇ ನಿಂತು ನೋಡಿದರು. ನಾವು ಮಾಡಬೇಕೆಂದುಕೊಂಡದ್ದನ್ನೇ ಆಯಿ ಮಾಡಿದಳು, ಕೆಟ್ಟ ಹೆಸರನ್ನು ಮಾತ್ರ ನಾವು ಅವಳೊಬ್ಬಳಿಗೇ ಬಿಟ್ಟೆವು. ಅಕ್ಕ ಇಳಿದುಹೋಗಿ ಗುಡ್ಡದ ಕೆಳಗಿನ ಹುಣಸೆಮರದ ಬುಡದಲ್ಲಿ ಕುಳಿತಳು.

ಅವಳಿಗೆ ರೊಟ್ಟಿ, ನೀರು, ಕೂಸಿಗೆ ಆಡಿನ ಹಾಲು ಒಯ್ಯುವ ಕೆಲಸ ನನ್ನದಾಯಿತು. ಅರ್ಧ ದಾರಿಯ ಚಪ್ಪಟೆ ಬಂಡೆಯ ಮೇಲೆ ಇಟ್ಟು, ಕೂಗಿ, ಹಿಂದಿರುಗಬೇಕು. ನಿಂತು ಮಾತಾಡಿದರೆ ನನ್ನನ್ನೂ ಕೆಳಗೇ ಬಿಡುವುದಾಗಿ ಆಯಿ ಹೇಳಿದ್ದಳು. ಮೊದಲ ಸಂಜೆಯೇ ಅಕ್ಕ ಮರದಡಿಯಿಂದ ಕೂಗಿದಳು: "ತಂಗೀ, ನನ್ನ ಕಾಲಾಗ ಜಾಲಿಮುಳ್ಳು ಮುರದದ. ಕೀವಾಗ್ಯಾದ. ಇದು ಮುಳ್ಳಿನ ಗಂಟು ಅಂತ ಆಯಿಗೆ ಹೇಳು. ಅಕಿಗೆ ತಿಳೀತದ."

ಅಂಗಾಲಿನ ಮುಳ್ಳು ಕೀವಾದರೆ ತೊಡೆಸಂದಿನಲ್ಲಿ ಗಂಟು ಬರುತ್ತದೆ, ಮುಳ್ಳು ತೆಗೆದರೆ ಇಳಿಯುತ್ತದೆ. ಗುಡ್ಡದ ಊರಿನ ಮಕ್ಕಳಿಗೂ ಗೊತ್ತಿದ್ದ ಮಾತು ಇದು. ಆದರೆ ಆ ದಿನ ಎಲ್ಲರ ಕಣ್ಣೂ ಗಂಟಿನ ಮೇಲೆಯೇ ನಿಂತಿತ್ತು, ಯಾರೂ ಕಾಲು ನೋಡಲಿಲ್ಲ. ಮುಳ್ಳು ತೆಗೆಯುತ್ತಲೇ ಮುದುಕಿಯಾದ ಆಯಿಯೂ ನೋಡಲಿಲ್ಲ.

ಹೇಳಬೇಕೆಂದೇ ನಾನು ಮೇಲೆ ಹತ್ತಿದೆ. ಆಯಿ ಬಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, "ಅಕಿ ಕೂಡ ಮಾತಾಡಿದೇನು?" ಎಂದಳು. "ಇಲ್ಲಾಯಿ" ಎಂದೆ. ಮರುದಿನ ಅಕ್ಕ, "ಹೇಳಿದೇನು?" ಎಂದು ಕೂಗಿದಳು. "ಹೇಳೀನಿ" ಎಂದು ಕೂಗಿ, ತಿರುಗಿ ನೋಡದೆ ಓಡಿದೆ. ಇಡೀ ದಿನ ಕೂಸು ಅಳುತ್ತಿತ್ತು. ಜ್ವರಕ್ಕೆ ಅಕ್ಕನ ಹಾಲು ಬತ್ತಿತ್ತು, ಆಡಿನ ಹಾಲನ್ನು ಕೂಸು ಕಕ್ಕುತ್ತಿತ್ತು. ಬಯಲ ಚಳಿ ಬೇರೆ.

ಮೂರನೆಯ ದಿನ ಬೆಳಿಗ್ಗೆ ಅಳು ಕೇಳಲಿಲ್ಲ. ಆಗ ನಾನು ಆಯಿಯ ಮುಂದೆ ನಿಂತು ಎಲ್ಲ ಹೇಳಿದೆ. ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದ್ದೆ. ಅವಳು ಬಡಿಗೆ ಕೆಳಗಿಟ್ಟು, ಎಲೆಯಡಿಕೆ ಚೀಲದಿಂದ ಸೂಜಿ ತೆಗೆದುಕೊಂಡು ಗುಡ್ಡ ಇಳಿದಳು. ನಾನು ಹಿಂದೆಯೇ ಹೋದೆ. ಅಕ್ಕ ಕೂಸನ್ನು ಸೆರಗಿನಲ್ಲಿ ಸುತ್ತಿ ತೂಗುತ್ತಿದ್ದಳು. ಅದು ಆಗಲೇ ಸತ್ತಿತ್ತು. ಆಯಿ ಅಕ್ಕನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿದಳು. ಕೀವಿನೊಂದಿಗೆ ಅರ್ಧ ಬೆರಳುದ್ದದ ಮುಳ್ಳು ಹೊರಗೆ ಬಂತು.

ಅಕ್ಕ ಅಳಲಿಲ್ಲ. "ತಂಗಿ ಮೊನ್ನೇ ಹೇಳಿದ್ಲಲ್ಲ ನಿನಗ. ಆವಾಗ ಯಾಕ ಬರಲಿಲ್ಲ?" ಎಂದು ಕೇಳಿದಳು.

ಆಯಿ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಅಲ್ಲೇ ಸತ್ತುಹೋಗಬಾರದೇ ಎಂದುಕೊಂಡೆ.

"ಹೌದು, ಹೇಳಿದ್ಲು" ಎಂದಳು ಆಯಿ. "ನಾನೇ ಬರಲಿಲ್ಲ. ನಿಂದೊಂದು ಕೂಸಿನ ಸಲುವಾಗಿ ಮ್ಯಾಲಿನ ಅಷ್ಟೂ ಮಂದೀನ ಕೊಡಾಕಾಗ್ತಿದ್ದಿಲ್ಲ."

ಅಕ್ಕ ಅವಳ ಮುಖಕ್ಕೆ ಉಗುಳಿದಳು. ಆಯಿ ಸೆರಗಿನಿಂದ ಒರೆಸಿಕೊಂಡು, ಗಾಯಕ್ಕೆ ಎಲೆ ಕಟ್ಟಿ ಮುಗಿಸಿ ಎದ್ದಳು.

ಅಕ್ಕನ ಗಂಟು ನಾಲ್ಕು ದಿನದಲ್ಲಿ ಇಳಿಯಿತು, ಜ್ವರವೂ ಬಿಟ್ಟಿತು. ಆ ವರ್ಷ ಊರಿನಲ್ಲಿ ಬಹಳ ಜನ ಸತ್ತರು. ಗುಡ್ಡದ ಮೇಲಿನ ನಮ್ಮ ಹನ್ನೊಂದು ಮನೆಯವರಲ್ಲಿ ಒಬ್ಬರೂ ಸಾಯಲಿಲ್ಲ. ಅದಕ್ಕಾಗಿ ಆಯಿಗೆ ಯಾರೂ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಓಣಿಯ ಮಕ್ಕಳು ಅವಳನ್ನು ಕೂಸು ತಿಂದಾಕಿ ಎಂದು ಕರೆಯತೊಡಗಿದರು. ನಾನೂ ಕರೆದೆ. ಕರೆಯದಿದ್ದರೆ ಎಲ್ಲಿ ಅನುಮಾನ ಬರುವುದೋ ಎಂದು ಉಳಿದವರಿಗಿಂತ ಜೋರಾಗಿ ಕರೆದೆ. ಒಮ್ಮೆ ಬಾವಿಯ ಹತ್ತಿರ ನಾವಿಬ್ಬರೇ ಸಿಕ್ಕಾಗ ಅಳುತ್ತ, ನೀನು ಅಕ್ಕನಿಗೆ ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ. "ನಿನ್ನ ಮ್ಯಾಲಿನ ಅಂತಃಕರಣಕ್ಕಲ್ಲ, ಮಾರಿ ಒರಸ್ಕೋ. ನನಗ ಶಾಪ ಹಾಕಾವ್ರು ಮೊದಲೇ ಭಾಳ ಅದಾರ, ಒಬ್ಬಾಕಿ ಹೆಚ್ಚಾದ್ರ ಏನಾತು? ನಿನಗ ಅಕ್ಕ ಬೇಕು. ಬಾಯಿ ಮುಚ್ಕೊಂಡು ಬಾಳ್ವೆ ಮಾಡು" ಎಂದು ಕೊಡ ಎತ್ತಿಕೊಂಡು ಹೋದಳು.

ನನ್ನನ್ನು ಸಿಂಧನೂರಿಗೆ ಕೊಟ್ಟ ಮರುವರ್ಷ ಆಯಿ ಸತ್ತಳು. ಪಂಚಮಿಗೆಂದು ಅಕ್ಕನೂ ನಾನೂ ತವರಿಗೆ ಬಂದಿದ್ದೆವು. ಎದುರುಮನೆಯಲ್ಲಿ ಹೆಣ ಎತ್ತುತ್ತಿದ್ದಾರೆಂದು ನಾನು ಹೊಸಿಲು ದಾಟಿದೆ. ಅಕ್ಕ ಬಂದು ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡಳು. "ನೀ ಯಾಕ ಹೋಗ್ತಿ? ಅಷ್ಟು ಸಣ್ಣಾಕಿದ್ದಿ, ಹೆದರದ ಹೋಗಿ ಹೇಳಿದ್ದಿ. ನಿನ್ನ ಮಾತಿಗೂ ಕರಗದಾಕಿ ಅಕಿ" ಎಂದು ಬಾಗಿಲು ಹಾಕಿದಳು. ನಾನು ಅವಳ ಮಗ್ಗುಲಲ್ಲಿ ಕುಳಿತೆ. ಹೆಣದ ಮುಂದೆ ಬಾರಿಸುವ ಹಲಗೆಯ ಸದ್ದು ಓಣಿ ದಾಟಿ ಹೋಗುವವರೆಗೂ ಅಕ್ಕ ನನ್ನ ಕೈಯನ್ನು ಸವರುತ್ತಲೇ ಇದ್ದಳು. ನಾನು ಸವರಿಸಿಕೊಂಡು ಕುಳಿತಿದ್ದೆ.