ಸುಸ್ಥಿತಿಯಲ್ಲಿದ್ದ ಚಾವಡಿ

ಮೊನ್ನೆ ನಮ್ಮೂರ ಸಮುದಾಯ ಭವನದಲ್ಲಿ ಮೊದಲ ಪಂಕ್ತಿ. ಅಂಗನವಾಡಿಯ ಮಕ್ಕಳು ಹೊಸ ಕೋಣೆಗೆ ಬಂದ ಖುಷಿಗೆ ಊರಿಗೆಲ್ಲ ಊಟ. ಪತ್ರಾವಳಿಯ ಮೇಲೆ ಶಿರಾ ಬಿತ್ತು, ಅನ್ನ ಬಿತ್ತು, ಹಪ್ಪಳ ಬಂತು. ನನ್ನ ಎಡಕ್ಕೆ ಕೂತವರು ಹಪ್ಪಳ ಮುರಿದರು. ಕಟ್ ಎಂದಿತು. ಅಷ್ಟೇ. ನಾನು ಬಾಗಿಲಲ್ಲಿ ನಿಂತಿದ್ದೆ.

ಯಾವಾಗ ಎದ್ದೆ, ಎಷ್ಟು ಎಲೆ ದಾಟಿದೆ, ಒಂದೂ ಗೊತ್ತಿಲ್ಲ. ಹೆಬ್ಬೆರಳಿಗೆ ಯಾರದೋ ಶಿರಾ ಮೆತ್ತಿತ್ತು. ಬಡಿಸುವವರು ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದರು. "ಕೈ ತೊಳ್ಯಾಕ ಬಂದೇನ್ರಿ" ಅಂದೆ. ಇನ್ನೂ ತುತ್ತೇ ಇಡದ ಕೈ ಅದು. ನಕ್ಕುಬಿಡಿ, ಅಡ್ಡಿಯಿಲ್ಲ. ಆದರೆ ಪದವಿ ಓದಿದ ಮನುಷ್ಯ ಹಪ್ಪಳಕ್ಕೆ ಹೆದರುವುದಕ್ಕೂ ಒಂದು ಕಾರಣ ಇರುತ್ತದೆ. ಅದನ್ನು ಹೇಳಿಯೇ ಬಿಡುತ್ತೇನೆ.

ನಾನು ಅಥಣಿಯಲ್ಲಿ ಬಿ.ಎ. ಮುಗಿಸಿ ಬಂದು ಊರಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಓದಿದ್ದಕ್ಕೂ ಯೂರಿಯಾಕ್ಕೂ ಸಂಬಂಧವಿಲ್ಲ. ಊರು ಮಾತ್ರ ಆ ಸಂಬಂಧ ಬಿಡಲಿಲ್ಲ. ನನ್ನ ಹೆಸರೇ 'ಬೀಯೇ' ಆಯಿತು. ಲಗ್ನಪತ್ರಿಕೆ, ಕರೆಂಟಿನ ತಕರಾರು ಅರ್ಜಿ, ಗಂಡ ಹೆಂಡಿರ ರಾಜಿಪತ್ರ, ಎಲ್ಲದಕ್ಕೂ ಬೀಯೇ. ಹಾಗೆಯೇ ಊರ ಸಭೆಯ ನಡಾವಳಿ ಪುಸ್ತಕವೂ ನನ್ನ ತೊಡೆಯ ಮೇಲೆ ಬಂದು ಕೂತಿತು.

ಸಭೆ ಸೇರುತ್ತಿದ್ದುದು ಹಳೆಯ ಚಾವಡಿಯಲ್ಲಿ. ಕಲ್ಲಿನ ಗೋಡೆ, ಸಾಗವಾನಿ ತೊಲೆ, ಮೇಲೆ ಮಣ್ಣಿನ ಮಾಳಿಗೆ. ನಡುವಿನ ದೊಡ್ಡ ತೊಲೆಯನ್ನು ನೇಮಗೌಡ ಕಾಕಾನ ಅಜ್ಜ ಕುಡಚಿ ಸ್ಟೇಷನ್ನಿನಿಂದ ಎಂಟು ಎತ್ತು ಹೂಡಿ ತರಿಸಿದ್ದರಂತೆ. ಕಾಕಾ ಹೇಳುವಾಗ ಎಂಟು. ಎದುರಿಗೆ ಹೊಸಬರಿದ್ದರೆ ಹನ್ನೆರಡು. ಕಾಕಾ ಸದಾ ಆ ತೊಲೆಯ ಕೆಳಗೇ ಕೂರುವವರು. ಎಂಬತ್ತು ಸಮೀಪಿಸಿದ ಜೈನ ರೈತ. ಬಿಳಿ ಟೋಪಿ, ಬಿಳಿ ಧೋತರ, ನಾಲಿಗೆ ಮಾತ್ರ ಹಸಿ ಮೆಣಸಿನಕಾಯಿ.

ಮಣ್ಣಿನ ಮಾಳಿಗೆಯ ವಿಚಾರ ನಿಮಗೆ ಗೊತ್ತಿರಬೇಕು. ಮಳೆಗಾಲದಲ್ಲಿ ಸೋರುತ್ತದೆ. ಸೋರಿದರೆ ಮೇಲೊಂದು ಪದರ ಮಣ್ಣು ಹಾಕಿ ತುಳಿಯುತ್ತಾರೆ. ಮರುವರ್ಷ ಮತ್ತೆಲ್ಲೋ ಸೋರುತ್ತದೆ, ಮತ್ತೊಂದು ಪದರ. ನಮ್ಮ ಅಪ್ಪಂದಿರು ಹಾಕಿದರು, ಅಜ್ಜಂದಿರು ಹಾಕಿದರು. ಹಳೆಯದನ್ನು ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹಿರಿಯರು ಹಾಕಿದ್ದನ್ನು ತೆಗೆಯುವುದು ನಮ್ಮಲ್ಲಿ ರೂಢಿಯಿಲ್ಲ. ಹೀಗೆ ತೊಲೆಯ ಮೇಲೆ ನಿಧಾನವಾಗಿ ಒಂದು ಹೊಲವೇ ಏರಿ ಕೂತಿತ್ತು. ಒಂದು ವರ್ಷ ಅಲ್ಲಿ ಸಜ್ಜೆಯೂ ಬೆಳೆದಿತ್ತು. ತೆನೆಯನ್ನು ಗಿಳಿ ತಿಂದವು.

ಆ ಚಾವಡಿಯಲ್ಲೇ ಬೆಳಿಗ್ಗೆ ಅಂಗನವಾಡಿ. ನಡೆಸುವವರು ಸುಜಾತಾ ಅಕ್ಕೋರು. ಕೂಲಿ ಮಾಡುವ ಬೌದ್ಧ ಮನೆತನದಿಂದ ಓದಿ ಮೇಲೆ ಬಂದ ಹೆಣ್ಣುಮಗಳು. ಇಪ್ಪತ್ತೆರಡು ಮಕ್ಕಳು. ಒಂದು ಮಳೆಗಾಲದಿಂದ ಅವರು ಮಕ್ಕಳನ್ನು ನಡುವೆ ಕೂರಿಸುವುದನ್ನೇ ಬಿಟ್ಟರು. ಗೋಡೆಗುಂಟ ಸಾಲಾಗಿ ಕೂರಿಸಿ ಹಾಡು ಹೇಳಿಸುತ್ತಿದ್ದರು. "ಹುಡುಗ್ರನ್ನ ಗ್ವಾಡಿಗೆ ಹಚ್ಚಿ ಶಿಕ್ಷಾ ಕೊಡತಾರ" ಎಂದು ತಾಯಂದಿರ ದೂರು ಬಂತು. ಅದನ್ನೂ ನಾನೇ ಬರೆದುಕೊಂಡೆ, ಚೆಂದದ ಅಕ್ಷರದಲ್ಲಿ.

ಸಮುದಾಯ ಭವನದ ಮಾತು ಎದ್ದದ್ದು ಪಂಚಾಯಿತಿ ಸದಸ್ಯ ಮಹಾದೇವನಿಂದ. ಅವನು ಜುಗೂಳಕ್ಕೆ ಒಂದು ಲಗ್ನಕ್ಕೆ ಹೋಗಿದ್ದ. ಬಂದವನ ಕಣ್ಣಲ್ಲಿ ಹೊಳಪು.

"ಏನ ಹಾಲ್‌ರೀ ಕಾಕಾ! ಸಾವಿರ ಮಂದಿ ಒಮ್ಮೆಲೆ ಕುಂಡ್ರತಾರ."

"ನಮ್ಮೂರಾಗ ಸಾವಿರ ಮಂದಿ ಒಬ್ಬರಿಗೊಬ್ಬರು ಮಾತಾಡತಾರೇನ ಮೊದಲ, ಒಂದ ಕಡೆ ಕುಂಡ್ರಸಾಕ?" ಎಂದರು ಕಾಕಾ.

ಅಲ್ಲಿಂದ ಎಷ್ಟು ಸಭೆಗಳಾದವೋ! ಬಂದ ಅನುದಾನ ಬುನಾದಿಗೆ ಸಾಲುತ್ತದೆ, ಉಳಿದದ್ದು ಊರು ಕೂಡಿಸಬೇಕು ಎಂದಾಗ ಅರ್ಧ ಜನ ಚಹಾಕ್ಕೆ ಎದ್ದರು. ಅಡುಗೆಮನೆ ಒಂದೋ ಎರಡೋ ಎಂಬುದಕ್ಕೆ ಎರಡು ಸಭೆ ಹಿಡಿದವು. ಉಳ್ಳಾಗಡ್ಡಿ ಬಳ್ಳೊಳ್ಳಿಯ ಒಲೆಗೂ ಅದನ್ನು ಮುಟ್ಟದ ಜೈನರ ಒಲೆಗೂ ನಡುವೆ ಗೋಡೆ ಬೇಕೋ, ಬರೀ ಪರದೆ ಸಾಕೋ? ಸ್ಟೇಜು ಪೂರ್ವಕ್ಕೋ ಉತ್ತರಕ್ಕೋ? ಒಬ್ಬರಂತೂ ಎದ್ದು, "ಭವನ ಬ್ಯಾಡ್ರಿ, ಆದರ ಅದರ ಮುಂದಿನ ಕಟ್ಟಿ ಬೇಕ. ಸಂಜೀ ಮುಂದ ಕುಂಡ್ರಾಕ ಆಗತೈತಿ" ಎಂದು ಗಂಭೀರವಾಗಿ ಸೂಚಿಸಿದರು. ಅನುಮೋದಿಸಲು ಮೂವರು ಕೈ ಎತ್ತಿದರು. ಮಹಾದೇವನಿಗೆ ಸಿಟ್ಟು ಬಂದರೆ ಮರಾಠಿ ಬರುತ್ತದೆ. "ಅಹೋ, ಐಕಾ ತರೀ! ಕೇಳ್ರಿ ಸ್ವಲ್ಪ!" ಎಂದು ಅವನು ಕೂಗಿದಾಗಲೆಲ್ಲ ಮೇಲಿಂದ ಸಣ್ಣಗೆ ಮಣ್ಣು ಉದುರುತ್ತಿತ್ತು. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಟೋಪಿ ಇದ್ದವರು ಟೋಪಿ ಝಾಡಿಸಿಕೊಂಡರು.

ಕಾಕಾನ ವಾದ ಸರಳ. "ಲಕ್ಷಗಟ್ಟಲೆ ಯಾಕ? ಎರಡ ಟ್ರ್ಯಾಲಿ ಮಣ್ಣ ಹಾಕ್ರಿ. ಮುಗೀತ."

ಸುಜಾತಾ ಅಕ್ಕೋರು ಒಂದು ಸಲ ಮಾತಾಡಿದರು, ಬಾಗಿಲ ಹತ್ತಿರ ನಿಂತು. "ನನಗ ಸ್ಟೇಜ್ ಬ್ಯಾಡ್ರಿ, ಅಡಗಿಮನಿ ಬ್ಯಾಡ್ರಿ. ಹುಡುಗ್ರ ಮ್ಯಾಲ ಬೀಳದಂಥಾದ್ದ ಒಂದ ಖೋಲಿ ಕೊಡ್ರಿ, ಸಾಕ."

"ಅಕ್ಕೋರ, ನೂರ ವರ್ಷ ಬಿದ್ದಿಲ್ಲ ಈ ಚಾವಡಿ."

"ಬೀಳೂದ ಒಂದ ಸಲಾನರಿ ಕಾಕಾ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಪುಸ್ತಕದಲ್ಲಿ 'ಚರ್ಚಿಸಲಾಯಿತು' ಎಂದು ಬರೆದೆ. ಕಚೇರಿಯ ಕನ್ನಡದಲ್ಲಿ ಈ ಶಬ್ದ ಒಂದು ದೊಡ್ಡ ಕೌದಿ ಇದ್ದಂತೆ. ಅದರಡಿ ಯಾರನ್ನು ಮಲಗಿಸಿದರೂ ಹೊರಗೆ ಕಾಣುವುದಿಲ್ಲ.

ಕೊನೆಯ ಸಭೆಯ ಮುಂಚಿನ ದಿನ ಕಾಕಾ ವಾದ ಬಿಟ್ಟು ಕೃತಿಗೆ ಇಳಿದರು. ತಮ್ಮದೇ ಹೊಲದಿಂದ ಎರಡು ಟ್ರ್ಯಾಲಿ ಮಣ್ಣು ತರಿಸಿ ಮಾಳಿಗೆಗೆ ಏರಿಸಿಬಿಟ್ಟರು. ರಾತ್ರಿ ಒಳ್ಳೆಯ ಮಳೆ. ಬೆಳಿಗ್ಗೆ ಒಂದು ಹನಿಯೂ ಸೋರಲಿಲ್ಲ. ಸಂಜೆ ಸಭೆಗೆ ಕಾಕಾ ಮದುಮಗನಂತೆ ಬಂದು ತೊಲೆಯ ಕೆಳಗೆ ಕೂತರು.

"ನೋಡ್ರಿ ಮ್ಯಾಲ. ಎಲ್ಲೆರ ಒಂದ ಹನಿ? ಏ ಬೀಯೇ, ಠರಾವ ಬರಕೋ."

ಒಂದು ಹನಿ ಸೋರದಿದ್ದರೆ ಆ ನೀರೆಲ್ಲ ಎಲ್ಲಿ ಹೋಯಿತು ಎಂದು ನಾನು ಕೇಳಬೇಕಿತ್ತು. ಅಷ್ಟು ತಿಳಿಯಲು ಬಿ.ಎ. ಸಾಕಾಗಲಿಲ್ಲ. ಅಕ್ಕೋರು ಮಾತ್ರ ಕೇಳಿದರು. "ನೀರ ಕುಡದ ಮಣ್ಣ ಎಷ್ಟ ಭಾರ ಅಕ್ಕತಿ, ರೈತರಿಗೆ ನಾ ಹೇಳಬೇಕೇನ್ರಿ?" ಆ ಮಾತೂ ಚರ್ಚಿಸಲಾಯಿತು.

ಠರಾವಿಗೆ, ಅಂದರೆ ಸಭೆಯ ನಿರ್ಣಯಕ್ಕೆ, ಮೊದಲ ಸಹಿ ಯಾವಾಗಲೂ ಕಾಕಾನದು. ಆದರೆ ಪಡುವಣ ಕಿಟಕಿಯಲ್ಲಿ ಸೂರ್ಯ ಕಬ್ಬಿನ ಗರಿಗಳಿಗೆ ಇಳಿದಿದ್ದ. ಕಾಕಾ ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವವರಲ್ಲ. ಊರಲ್ಲಿ ಎಂಥ ಜಗಳವೇ ನಡೆದಿರಲಿ, ಆ ಹೊತ್ತಿಗೆ ಅರ್ಧಕ್ಕೆ ನಿಲ್ಲುತ್ತದೆ. ಜೈನರೆಲ್ಲ ಊಟ ಮುಗಿಸಿ ಬಂದ ಮೇಲೆ ನಿಂತಲ್ಲಿಂದ ಮುಂದುವರಿಯುತ್ತದೆ. ಉಳಿದವರು ಅಷ್ಟರಲ್ಲಿ ಹೊರಗೆ ಬೇವಿನ ಗಿಡದ ಕೆಳಗೆ ಚಹಾ ಕುಡಿಯಬೇಕು.

"ಹೊತ್ತ ಹೊಂಟತಿ. ಉಂಡ ಬರತೇನಿ, ಆಮ್ಯಾಲ ಸಹಿ" ಎಂದು ಕಾಕಾ ಎದ್ದರು. ಅವರು ಎದ್ದ ಮೇಲೆ ಯಾರು ಕೂರುತ್ತಾರೆ? ಊರೆಲ್ಲ ಎದ್ದಿತು. ಒಂದು ನಿಮಿಷದಲ್ಲಿ ಚಾವಡಿ ಖಾಲಿ.

ನಾನೊಬ್ಬ ಉಳಿದೆ. ಬೆಳಕು ಚೆನ್ನಾಗಿ ಬೀಳುತ್ತದೆಂದು ಕಾಕಾನ ಜಾಗಕ್ಕೇ ಸರಿದು ಕೂತು ಬರೆದೆ: 'ಸದರಿ ಚಾವಡಿಯು ಸುಸ್ಥಿತಿಯಲ್ಲಿದೆ. ಹೊಸ ಭವನದ ಅವಶ್ಯಕತೆ ಇರುವುದಿಲ್ಲ.' ಕಟ್ ಎಂದಿತು. ಹಪ್ಪಳ ಮುರಿದಂತೆ, ಅದಕ್ಕಿಂತ ಹೆಚ್ಚಿಲ್ಲ. ಪುಟದ ಮೇಲೆ ಒಂದಿಷ್ಟು ಮಣ್ಣು ಬಿತ್ತು. ನಾನೇನು ಮಾಡಿದೆ ಕೇಳಿ. ಅಕ್ಷರ ಕೆಟ್ಟೀತೆಂದು ಉಫ್ ಎಂದು ಊದಿ, ಪೂರ್ಣವಿರಾಮವನ್ನು ಇನ್ನೊಂದು ಸಲ ಗಟ್ಟಿಯಾಗಿ ಒತ್ತಿದೆ.

ಮತ್ತೆ ಕಟ್ ಎಂದಿತು. "ಬೀಯೇ ಅಣ್ಣಾರ, ಹೊರಗ ಬರ್ರಿ!" ಬಾಗಿಲಲ್ಲಿ ಅಕ್ಕೋರು.

"ಬಂದೆರಿ, ಪೆನ್ನಿನ ಕ್ಯಾಪ ಎಲ್ಲೋ ಬಿದ್ದತಿ."

ಹೌದು, ಹಾಗೇ ಅಂದೆ. ಮೂರು ರೂಪಾಯಿಯ ಕ್ಯಾಪಿಗಾಗಿ ನೆಲ ತಡವುತ್ತಿದ್ದೆ. ಅಕ್ಕೋರು ಒಳಗೆ ಓಡಿ ಬಂದರು. ಅವರಿಗೆ ಆ ಮಾಳಿಗೆಯ ಬಗ್ಗೆ ಎಲ್ಲ ಗೊತ್ತಿತ್ತು, ಆದರೂ ಒಳಗೆ ಬಂದರು. ನನ್ನ ಅಂಗಿಯ ಕಾಲರ್ ಹಿಡಿದು, ಮಳೆಯಲ್ಲಿ ಕರು ಎಳೆದಂತೆ ಎಳೆದರು. ಹೊಸ್ತಿಲು ದಾಟಿದೆವೋ ಇಲ್ಲವೋ, ಹಿಂದೆ ಒಂದು ನಿಟ್ಟುಸಿರಿನಂಥ ಸದ್ದು. ಬೆನ್ನಿಗೆ ಧೂಳಿನ ಗೋಡೆ ಬಡಿಯಿತು. ತಿರುಗಿ ನೋಡಿದರೆ ಚಾವಡಿಯೊಳಗೆ ಆಕಾಶ ಇತ್ತು.

ಅಕ್ಕೋರು ಬೇವಿನ ಗಿಡದ ಕಟ್ಟೆಯ ಮೇಲೆ ಕೂತು ಬೆರಳು ಮಡಚಿ ಏನೋ ಎಣಿಸುತ್ತಿದ್ದರು. ಇಪ್ಪತ್ತೆರಡಕ್ಕೆ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡರು. ಕಾಕಾ ಬಾಯಲ್ಲಿ ರೊಟ್ಟಿಯ ತುತ್ತು ಇದ್ದಂತೆಯೇ ಓಡಿ ಬಂದರು. ಅವರು ದಿನಾ ಕೂರುವ ಜಾಗದ ಮೇಲೆ ಅವರ ಅಜ್ಜನ ತೊಲೆ ಅಡ್ಡ ಮಲಗಿತ್ತು. ಅದನ್ನು ನೋಡುತ್ತ ತುತ್ತು ನುಂಗಲೂ ಇಲ್ಲ, ಉಗುಳಲೂ ಇಲ್ಲ.

ನಡಾವಳಿ ಪುಸ್ತಕ ಮೂರನೆಯ ದಿನ ಮಣ್ಣಿನಿಂದ ಹೊರಬಂತು. ಒಂದು ಹಾಳೆಯೂ ಹರಿದಿರಲಿಲ್ಲ. ಕೆಟ್ಟ ಬರಹಕ್ಕೆ ಆಯುಷ್ಯ ಹೆಚ್ಚು. ಪುಟ ಹರಿದು ಹಾಕೋಣ ಎಂದೆ. ಅಕ್ಕೋರು ಬಿಡಲಿಲ್ಲ.

"ಇರಲಿ. ಹಿಂದಿನ ಸಭೆದ್ದ ಓದೇ ಮುಂದಿಂದ ಸುರು ಮಾಡೂದು ನಿಮ್ಮ ಪದ್ಧತಿ ಅಲ್ಲೇನ್ರಿ? ಓದ್ರಿ."

ಮುಂದಿನ ಸಭೆ ಬೇವಿನ ಗಿಡದ ಕೆಳಗೆ. ಎದುರಿಗೆ ಕಲ್ಲು ಮಣ್ಣಿನ ಗುಡ್ಡೆ, ಅದರ ಮೇಲೆ ಒಂದು ಆಡು. ನಾನು ಎದ್ದು ನಿಂತು ಓದಿದೆ: "ಸದರಿ ಚಾವಡಿಯು ಸುಸ್ಥಿತಿಯಲ್ಲಿದೆ." ಆಡು ಅರಚಿತು. ಒಬ್ಬರೂ ನಗಲಿಲ್ಲ. ಎಲ್ಲರೂ ಕಾಕಾನತ್ತ ನೋಡಿದರು.

ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇದಕ್ಕ ಮೊದಲ ಸಹಿ ನಂದ ಆಗತಿತ್ತ. ಹೊಟ್ಟಿ ಉಳಿಸ್ತ. ಹುಡುಗ್ರಿಗೆ ಮಾತ್ರ ಹಂಗ ಎದ್ದ ಹೋಗಾಕ ಯಾರರ ಹೇಳತಿದ್ರೇನ?" ಆಮೇಲೆ ಅಕ್ಕೋರ ಕಡೆ ತಿರುಗಿದರು. "ಅಕ್ಕೋರ, ತಪ್ಪ ನಂದ. ತೊಲಿ ಕೊಯ್ಸಿ ನಿಮ್ಮ ಖೋಲಿಗೆ ಬಾಗಲಾ ಮಾಡಸ್ತೇನಿ. ಮೊದಲ ಅದನ್ನ ಕಟ್ರಿ. ಸ್ಟೇಜ್ ಬೇಕಾದವರು ಆಮ್ಯಾಲ ಕಾದಾಡ್ಲಿ."

"ಕಟ್ಟಿ ಇರತೈತೆಲ್ರೀ ಕಾಕಾ?" ಎಂದು ಹಿಂದಿನಿಂದ, ಮೊದಲು ಕಟ್ಟೆ ಕೇಳಿದ್ದ ಅದೇ ದನಿ ಕೇಳಿತು. ಆಗ ಊರು ನಕ್ಕಿತು. ಕೆಲವರು ಕಣ್ಣೀರು ಒರೆಸಿಕೊಂಡು ನಕ್ಕರು. ನಾನು ಆ ದಿನ 'ಚರ್ಚಿಸಲಾಯಿತು' ಎಂದು ಬರೆಯಲಿಲ್ಲ. ಯಾರು ಏನಂದರೋ ಹಾಗೇ ಬರೆದೆ. ಆಡನ್ನೂ ಬಿಡಲಿಲ್ಲ.

ಮೊದಲು ಕೋಣೆ, ಅದರ ಬೆನ್ನಿಗೇ ಭವನ ಎದ್ದವು. ಸರಿ, ನನ್ನನ್ನು ಬಾಗಿಲಲ್ಲಿ ಶಿರಾ ಮೆತ್ತಿದ ಕಾಲಿನೊಂದಿಗೆ ನಿಲ್ಲಿಸಿ ಬಂದಿದ್ದೆನಲ್ಲ. ತಿರುಗಿ ಬಂದು ಕೂತೆ. ನಾಚಿಕೆಯಿಂದ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಸಾಲಿನಲ್ಲಿ ಇನ್ನೆಲ್ಲೋ ಕಟ್ ಎಂದಿತು. ಈ ಸಲ ಎದ್ದು ಓಡಲಿಲ್ಲ, ಮೇಲೆ ನೋಡಿದೆ ಅಷ್ಟೆ. ನೋಡಿ ಕಣ್ಣು ಇಳಿಸಿದರೆ, ಮಹಾದೇವ ಮೇಲೆ ನೋಡುತ್ತಿದ್ದ. ಸಾರಿನ ಬಕೆಟ್ ಹಿಡಿದ ಸುಜಾತಾ ಅಕ್ಕೋರು ಮೇಲೆ ನೋಡುತ್ತಿದ್ದರು. ಆ ಸಂಜೆ ಚಾವಡಿಯಲ್ಲಿ ಇದ್ದವರೆಲ್ಲ ತುತ್ತು ಕೈಯಲ್ಲಿ ಹಿಡಿದು, ಹೊಸ ಸುಣ್ಣದ ಸ್ಲ್ಯಾಬನ್ನು ನೋಡುತ್ತಿದ್ದರು.

ಎದುರು ಸಾಲಿನಲ್ಲಿ ನೇಮಗೌಡ ಕಾಕಾ ತಮ್ಮ ಹಪ್ಪಳವನ್ನು ಇಡಿಯಾಗಿ ಸಾರಿನಲ್ಲಿ ಮುಳುಗಿಸಿ, ಅದು ಮೆತ್ತಗಾಗುವುದನ್ನು ಕಾಯುತ್ತಿದ್ದರು. ನನ್ನನ್ನು ನೋಡಿ ಮೆಲ್ಲಗೆ ಹೇಳಿದರು.

"ಹಿಂಗ ತಿನ್ನು ಬೀಯೇ. ಸಪ್ಪಳ ಆಗೂದಿಲ್ಲ."

ಅವರು ಹೇಳಿದಂತೆ ಮಾಡಿದೆ. ಸಾಗವಾನಿ ಬಾಗಿಲಿನ ಆಚೆ ಕೋಣೆಯ ನಟ್ಟನಡುವೆ ಇಪ್ಪತ್ತೆರಡು ಮಕ್ಕಳು ಸುತ್ತುಗಟ್ಟಿ ಕೂತಿದ್ದವು. ಎಲ್ಲವೂ ಒಟ್ಟಿಗೆ ಹಪ್ಪಳ ಮುರಿಯುತ್ತಿದ್ದವು, ಕಟ ಕಟ ಕಟ. ಒಂದೂ ಮೇಲೆ ನೋಡಲಿಲ್ಲ.