ಪರಂಗಿ ಎಲೆ ಕೇಳಿ ಬಂದ ಅಣ್ಣ

ಕಳೆದ ಭಾನುವಾರ ಬೆಳಿಗ್ಗೆ ನನ್ನಣ್ಣ ಚಾಮರಾಜಪುರಂನಿಂದ ಸ್ಕೂಟರ್ ಹತ್ತಿ ಸಿದ್ಧಾರ್ಥನಗರದ ನಮ್ಮ ಮನೆಗೆ ಬಂದ. ತಂಗಿಯನ್ನು ನೋಡುವುದಕ್ಕಲ್ಲ. ಹಿತ್ತಲಿನ ಪರಂಗಿ ಎಲೆಗೆ.

ಡೆಂಗಿ ಸೀಸನ್ ಬಂತೆಂದರೆ ಪರಂಗಿ ಗಿಡ ಇರುವ ಮನೆಗೆ ಎಲ್ಲಿಲ್ಲದ ಮರ್ಯಾದೆ. ಎಲೆ ಕೇಳಿದವರಿಗೆ ಇಲ್ಲ ಅನ್ನಬಾರದು. ಯಾಕೆ ಅಂತಲೂ ಕೇಳಬಾರದು. ನಾನೂ ಕೇಳದೆ ಕಿತ್ತು ಕವರಿಗೆ ಹಾಕಿಕೊಟ್ಟೆ.

ಕಾಫಿ ಕುಡಿಯುತ್ತಾ ಅವನೇ ಬಾಯಿಬಿಟ್ಟ. ಜ್ವರ ಅವನ ಮನೆಯಲ್ಲಿ ಯಾರಿಗೂ ಇಲ್ಲ. ಪಕ್ಕದ ಮನೆಯವರಿಗೆ ಡೆಂಗಿಯಾಗಿ ಪ್ಲೇಟ್‌ಲೆಟ್ ಇಳಿದದ್ದು ನೋಡಿ ಇವನಿಗೆ ಭಯ. ಪ್ಲೇಟ್‌ಲೆಟ್ ಏರಲಿ ಅಂತ ಮುನ್ನೆಚ್ಚರಿಕೆಗೆ ಎಲೆ ರಸ ಕುಡಿಯುತ್ತಾನಂತೆ.

"ರಕ್ತ ತೆಳು ಮಾಡೋ ಮಾತ್ರೇನೂ ಬಿಟ್‌ಬುಟ್ಟೆ ಕಣೇ. ಇರೋ ಪ್ಲೇಟ್‌ಲೆಟ್ಟೂ ಕಮ್ಮಿ ಆಗ್ಬುಟ್ರೆ?"

ಈ ಮನುಷ್ಯನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಇನ್ನೂ ವರ್ಷ ತುಂಬಿಲ್ಲ. ಮೇಷ್ಟ್ರಾಗಿ ರಿಟೈರ್ ಆದವನು (ಪ್ಲೇಟ್‌ಲೆಟ್ಟೂ ಮಾರ್ಕ್ಸ್ ಥರ, ಜಾಸ್ತಿ ಬಂದಷ್ಟೂ ಒಳ್ಳೆಯದು ಅನ್ನುವ ಅಭ್ಯಾಸ ಹೋಗಬೇಕಲ್ಲ!). ಸ್ಕೂಟರ್ ಕೀ ಕಿತ್ತುಕೊಂಡೆ, ಆಟೊ ಕರೆದೆ, ಸೀದಾ ಆಸ್ಪತ್ರೆಗೆ. ದಾರಿಯುದ್ದಕ್ಕೂ ಗೊಣಗಿದ. ಗೊಣಗಲಿ.

ಡ್ಯೂಟಿಯಲ್ಲಿದ್ದ ಲೇಡಿ ಡಾಕ್ಟರ್ ಇಸಿಜಿ ತೆಗೆಸಿ, ಸದ್ಯ ಏನೂ ಆಗಿಲ್ಲ ಅಂದರು. ಆಮೇಲೆ ಕೂರಿಸಿ ವಿವರಿಸಿದರು. ಗಾಯವಾದ ಕಡೆ ಓಡಿಹೋಗಿ ರಕ್ತ ನಿಲ್ಲಿಸುವುದು ಪ್ಲೇಟ್‌ಲೆಟ್ ಕೆಲಸ. ಕೊಲೆಸ್ಟ್ರಾಲ್ ಹೊತ್ತು ತಿರುಗುವ ಕಣಗಳೂ ಅದೇ ರಕ್ತದಲ್ಲಿವೆ. ಇವು ರಕ್ತನಾಳದ ಗೋಡೆಯೊಳಗೆ ಸೇರಿಕೊಂಡು, ಡಬ್ಬದಲ್ಲಿ ಉಳಿದ ಎಣ್ಣೆ ಕಮಟು ಹಿಡಿಯುವಂತೆ ಕೆಡುತ್ತವೆ. ಹಾಗೆ ಕೆಟ್ಟ ಕಣ ತಗುಲಿದರೆ ಪ್ಲೇಟ್‌ಲೆಟ್‌ಗಳು ಗಾಯವೇ ಇಲ್ಲದಿದ್ದರೂ ರೊಚ್ಚಿಗೇಳುತ್ತವೆ. ಒಂದಕ್ಕೊಂದು ಅಂಟುತ್ತವೆ, ಗೋಡೆಗೂ ಅಂಟುತ್ತವೆ, ಇನ್ನಷ್ಟನ್ನು ಕರೆದುಕೊಳ್ಳುತ್ತವೆ. ಕೊನೆಗೆ ದಾರಿಯೇ ಬಂದ್.

"ಈ ಮಾತ್ರೆ ಪ್ಲೇಟ್‌ಲೆಟ್ ಕೌಂಟ್ ಇಳಿಸೋಕಲ್ಲ ಸರ್, ಅವು ಗುಂಪು ಕಟ್ಟದ ಹಾಗೆ ತಡೆಯೋಕೆ. ಜ್ವರ ಬಂದ್ರೆ ತಕ್ಷಣ ನಮ್ಮನ್ನ ಕೇಳಿ. ನೀವಾಗೇ ನಿಲ್ಲಿಸ್ಬೇಡಿ" ಅಂದರು.

ಅಣ್ಣನನ್ನು ನೋಡಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅಪ್ಪ ಹೋದ ಮೇಲೆ ನನಗೆ ಅಂತ ಇರುವುದು ಅವನೊಬ್ಬನೇ.

ಈಗ ದಿನಾ ತಿಂಡಿ ಹೊತ್ತಿಗೆ ವಿಡಿಯೊ ಕಾಲ್ ಮಾಡುತ್ತೇನೆ. ನನ್ನ ಕಣ್ಣೆದುರೇ ಮಾತ್ರೆ ನುಂಗಬೇಕು. ನಾನೇನು ಮಗುವೇ ಅಂತ ರೇಗುತ್ತಾನೆ. ರೇಗಲಿ, ಕಾಲ್ ಅಂತೂ ನಿಲ್ಲಿಸುವುದಿಲ್ಲ. ಅವನೊಬ್ಬನನ್ನು ಕಾಯ್ದರೆ ಸಾಕೇ? ಬೀದಿಯಲ್ಲಿ ಇಂಥ ಅಣ್ಣಂದಿರು ಇನ್ನೆಷ್ಟಿದ್ದಾರೋ!

ನಿನ್ನೆ ಸಂಜೆ ಹಿಂದಿನ ಬೀದಿಯ ಹಿರಿಯರೊಬ್ಬರು ಕೈಯಲ್ಲಿ ಕವರ್ ಹಿಡಿದು ನಮ್ಮ ಗೇಟಿನ ಮುಂದೆ ನಿಂತಿದ್ದರು. ಪರಂಗಿ ಎಲೆ ಬೇಕಿತ್ತಂತೆ.

ನಾನು ಚಿಲಕದ ಮೇಲಿಂದ ಕೈ ತೆಗೆಯದೆ ಕೇಳಿದೆ: "ಎಲೆ ಆಮೇಲೆ ಕೊಡ್ತೀನಿ ಸಾರ್. ಬೆಳಿಗ್ಗೆ ಮಾತ್ರೆ ತಗೊಂಡ್ರಾ?"